ಬಿಳಿ ಮಾಸ್ತರ ಬಂದ ಮೇಲೆ ನಾನು

ಹೊಟ್ಟೆಕಿಚ್ಚು ಪಡಲು ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅದು ತಾನಾಗಿಯೇ ಒಂದು ತಗಡಿನ ಟ್ರಂಕು ಹಿಡಿದುಕೊಂಡು ರೈಲಿನಲ್ಲಿ ಭಾಲ್ಕಿಗೆ ಬಂದು, ನನ್ನ ಕೋಣೆಯಲ್ಲೇ ಹಾಸಿಗೆ ಹಾಸಿಕೊಂಡು ಎರಡು ವರ್ಷ ಇತ್ತು. ಆ ಎರಡು ವರ್ಷದಲ್ಲಿ ಹೊಟ್ಟೆ ಉರಿಸುವಂಥದೊಂದು ಪ್ರಸಂಗ ನಡೆಯದ ವಾರವೇ ಇರಲಿಲ್ಲ.

ಪೊಲೀಸ್ ಆಕ್ಷನ್ ಆಗಿ ಎರಡು-ಮೂರು ವರ್ಷ ಕಳೆದಿತ್ತು. ನಿಜಾಮರ ಆಳ್ವಿಕೆ ಮುಗಿದು ಹೈದರಾಬಾದ್ ರಾಜ್ಯವೆಂಬ ಹೆಸರಷ್ಟೇ ಉಳಿದಿತ್ತು. ಊರು ಕಾಣಬಾರದ್ದನ್ನೆಲ್ಲ ಕಂಡು ಸುಮ್ಮನಾಗಿತ್ತು. ನಗಲು ಒಂದು ನೆಪ ಸಿಕ್ಕರೆ ಜನ ಬಿಡುತ್ತಿರಲಿಲ್ಲ. ನಾನು ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರ. ವಯಸ್ಸು ಇಪ್ಪತ್ನಾಲ್ಕು, ಲಗ್ನ ಆಗಿರಲಿಲ್ಲ. ಊರಲ್ಲಿ ಇಂಗ್ಲಿಷ್ ಓದಬಲ್ಲವರು ಮೂರೋ ನಾಲ್ಕೋ ಮಂದಿ, ಅವರಲ್ಲಿ ಕರೆದ ಕೂಡಲೇ ಬರುವವನು ನಾನೊಬ್ಬನೇ. ಹೀಗಾಗಿ ನನಗೂ ಒಂದು ಬೆಲೆ ಇತ್ತು.

ಅಂಥದರಲ್ಲಿ ಯಾವುದೋ ಸೇವಾ ಮಂಡಳಿಯವರು ಸಮುದ್ರದ ಆಚೆಯಿಂದ ನನ್ನದೇ ವಯಸ್ಸಿನ ಒಬ್ಬನನ್ನು ಕಳಿಸಿದರು. ಸಂಬಳ ತೆಗೆದುಕೊಳ್ಳದೆ ಎರಡು ವರ್ಷ ನಮ್ಮ ಮಕ್ಕಳಿಗೆ ಪಾಠ ಹೇಳುತ್ತಾನಂತೆ. ಬಿಸಿಲಿಗೆ ನಿಂತರೆ ಕೆಂಪಾಗುವ, ನಗುವುದೊಂದು ಬಿಟ್ಟರೆ ಬೇರೆ ಯಾವ ಚಟವೂ ಇಲ್ಲದ ಮನುಷ್ಯ. ಅವನು ಕೆಟ್ಟವನಾಗಿದ್ದರೆ ನನಗೆಷ್ಟೋ ಅನುಕೂಲವಾಗುತ್ತಿತ್ತು. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ನಾನು ಆ ಕಷ್ಟವನ್ನು ತಪ್ಪದೆ ಪಟ್ಟೆ.

ನನಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಅವನೂ ನಾನೂ ಜೊತೆಗಿದ್ದಾಗ ಯಾರಾದರೂ ಒಬ್ಬರು, ಒಂದೇ ಒಂದು ಸಲ, ಅವನನ್ನು ಬಿಟ್ಟು ನನ್ನನ್ನು ಆರಿಸಿಕೊಳ್ಳಲಿ. ಅಷ್ಟೇ.

ಭಾಲ್ಕಿ ಸ್ಟೇಷನ್

ಅವನನ್ನು ಇದಿರುಗೊಳ್ಳಲು ಹೆಡ್ ಮಾಸ್ತರರು ನನ್ನನ್ನೇ ಮುಂದೆ ಮಾಡಿದರು. ನಾನು ನಾಲ್ಕು ದಿನ ಕೂತು ಒಂದು ಇಂಗ್ಲಿಷ್ ಭಾಷಣ ಬರೆದೆ. ಎರಡು ಪುಟ. ಹುಡುಗರು ಯಾವ ಜಾಗದಲ್ಲಿ ಚಪ್ಪಾಳೆ ತಟ್ಟಬೇಕೆಂಬುದನ್ನು ಕೂಡ ತಾಲೀಮು ಮಾಡಿಸಿದೆ. ನಾನು ಕೈಯಲ್ಲಿದ್ದ ಕರವಸ್ತ್ರ ಎತ್ತಿದರೆ ತಟ್ಟಬೇಕು, ಇಳಿಸಿದರೆ ನಿಲ್ಲಿಸಬೇಕು.

ರೈಲು ಬಂತು. ಬಾಗಿಲಲ್ಲಿ ಆತ ಕಾಣಿಸಿದ. ಇಳಿದವನೇ ಎರಡೂ ಕೈ ಜೋಡಿಸಿ, "ನಮಸ್ಕಾರ್ರಿ" ಅಂದ.

ಪ್ಲಾಟ್‌ಫಾರ್ಮಿಗೆ ಪ್ಲಾಟ್‌ಫಾರ್ಮೇ ಹುಚ್ಚೆದ್ದು ಕುಣಿಯಿತು. ನನ್ನ ಹುಡುಗರು ಕರವಸ್ತ್ರದ ಕಡೆ ನೋಡಲೇ ಇಲ್ಲ, ಕೈ ನೋಯುವ ತನಕ ತಟ್ಟಿದರು. ಸ್ಟೇಷನ್ ಮಾಸ್ತರರು ಹಸಿರು ಬಾವುಟ ತೋರಿಸುವುದನ್ನು ಮರೆತು ರೈಲು ನಿಂತೇ ಇತ್ತು. ಹುಟ್ಟಿದಾಗಿನಿಂದ ನಾನು ದಿನಕ್ಕೆ ಐವತ್ತು ಸಲ ನಮಸ್ಕಾರ ಅನ್ನುತ್ತಿದ್ದೇನೆ, ಒಬ್ಬರಾದರೂ ಚಪ್ಪಾಳೆ ತಟ್ಟಿದ್ದು ನೆನಪಿಲ್ಲ. ಭಾಷಣ ಕಿಸೆಯಲ್ಲೇ ಉಳಿಯಿತು.

ಮರುದಿನ ಇನ್ನೊಂದು ಪೆಟ್ಟು ಬಿತ್ತು. ಹುಡುಗರು ಅವನಿಗೆ ಬಿಳಿ ಮಾಸ್ತರ ಎಂದು ಹೆಸರಿಟ್ಟರು. ಇಡಲಿ, ನನಗೇನು ಎಂದುಕೊಂಡೆ. ಆದರೆ ಅದೇ ಸಂಜೆ ಒಬ್ಬ ಪಾಲಕರು ಶಾಲೆಗೆ ಬಂದು ಇಂಗ್ಲಿಷ್ ಮಾಸ್ತರ ಎಲ್ಲಿದ್ದಾರೆಂದು ಕೇಳಿದರು. ನಮ್ಮ ಜವಾನ ಬಹಳ ಮರ್ಯಾದೆಯಿಂದ ಕೇಳಿದ.

"ಯಾರು ಬೇಕ್ರಿ? ಬಿಳಿ ಮಾಸ್ತರೋ, ಕರಿ ಮಾಸ್ತರೋ?"

ರೊಟ್ಟಿ

ನಾನು ಇದ್ದದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಅವಳಿಗೆ ಮಕ್ಕಳಿರಲಿಲ್ಲ. ಕೋಣೆಯ ಜೊತೆಗೆ ಊಟವನ್ನೂ ಹಾಕುತ್ತಿದ್ದಳು, ಬೈಗುಳ ಬೇರೆ. ಮೂರು ವರ್ಷದಿಂದ ಒಲೆಯ ಮುಂದೆ ಕೂತು, ಹೆಂಚಿನಿಂದ ಇಳಿದ ಮೊದಲ ಬಿಸಿ ಜೋಳದ ರೊಟ್ಟಿಯನ್ನು ತಟ್ಟೆಗೆ ಹಾಕಿಸಿಕೊಳ್ಳುವುದು ನನ್ನ ಹಕ್ಕಾಗಿತ್ತು.

ಬಿಳಿ ಮಾಸ್ತರ ಮೊದಲ ದಿನ ಊಟಕ್ಕೆ ಕೂತ. ಮೊದಲ ರೊಟ್ಟಿ ಅವನ ತಟ್ಟೆಗೆ ಹೋಯಿತು. ಅತಿಥಿ, ಇರಲಿ ಎಂದು ಸುಮ್ಮನಿದ್ದೆ. ಅವನು ಎರಡೂ ಕೈ ಹಾಕಿ, ಕಾಗದ ಹರಿದ ಹಾಗೆ ರೊಟ್ಟಿಯನ್ನು ಹರಿದ. ಪುಂಡಿಪಲ್ಯವನ್ನು ರೊಟ್ಟಿಯ ಮೇಲೆ ಸುರುವಿಕೊಂಡು ಮಡಿಚಿ ಬಾಯಿಗಿಟ್ಟರೆ ಅರ್ಧ ಅಂಗಿಯ ಮೇಲೆ ಬಿತ್ತು. ನಾನು ಅಜ್ಜಿಯ ಕಡೆ ನೋಡಿದೆ, ಈಗ ಬೀಳುತ್ತದೆ ಬೈಗುಳ ಎಂದು.

"ಅಯ್ಯ ನನ್ನಪ್ಪಾ, ಎಷ್ಟು ಚಂದ ತಿಂತದ ನೋಡು ಕೂಸು!" ಅಂದಳು ಅಜ್ಜಿ. ಆಮೇಲೆ ತಾನೇ ರೊಟ್ಟಿ ಮುರಿದು, ತುತ್ತು ಮಾಡಿ ಅವನ ತಟ್ಟೆಯ ಅಂಚಿಗೆ ಸಾಲಾಗಿ ಇಡತೊಡಗಿದಳು. ಆರಡಿ ಎತ್ತರದ ಕೂಸು ಒಂದೊಂದಾಗಿ ತಿಂದಿತು.

ಇದು ಎಂಟು ದಿನ ನಡೆಯಿತು. ನನ್ನ ರೊಟ್ಟಿ ಆರುತ್ತಿತ್ತು, ಅವನಿಗೆ ತುತ್ತು ಮಾಡಿ ಮುಗಿಯುತ್ತಿರಲಿಲ್ಲ. ನಾನು ಮೂರು ವರ್ಷ ಸರಿಯಾಗಿ ಉಂಡಿದ್ದಕ್ಕೆ ಸಿಗದ ಪ್ರೀತಿ ಅವನಿಗೆ ತಪ್ಪಾಗಿ ಉಂಡಿದ್ದಕ್ಕೆ ಸಿಗುತ್ತಿದೆ ಎಂದಮೇಲೆ ತಪ್ಪಾಗಿಯೇ ಉಂಡರಾಯಿತು ಎಂದು ಒಂಬತ್ತನೆಯ ದಿನ ತೀರ್ಮಾನಿಸಿದೆ. ಎರಡೂ ಕೈಯಲ್ಲಿ ರೊಟ್ಟಿ ಹಿಡಿದು ಅವನ ಹಾಗೇ ಹರಿದೆ.

ಅಜ್ಜಿಯ ಕೈಯಲ್ಲಿದ್ದ ರೊಟ್ಟಿ ಎತ್ತುವ ಚಿಮುಟಾ ನನ್ನ ಮಣಿಕಟ್ಟಿಗೆ ಬಿತ್ತು.

"ಊಟಕ್ಕ ಎಡಗೈ ಹಚ್ಚತಿ? ಮಾಸ್ತರಕಿ ಮಾಡಾಂವ ಅಂತ! ನೋಡು ಆ ಸಾಯಬನ್ನ, ಎಷ್ಟು ಶಿಸ್ತಿಂದ ಉಣ್ಣತಾನ!"

ಭಾತಂಬ್ರಾದ ತಾರು

ಆಗೆಲ್ಲ ಹಳ್ಳಿಗೆ ತಾರು, ಅಂದರೆ ಟೆಲಿಗ್ರಾಂ, ಬಂತೆಂದರೆ ಸಾವೆಂದೇ ಲೆಕ್ಕ. ಕಾಗದ ಬಿಚ್ಚುವ ಮೊದಲೇ ಹೆಂಗಸರು ಅಳು ಶುರು ಮಾಡುತ್ತಿದ್ದರು. ತಾರು ಇಂಗ್ಲಿಷಿನಲ್ಲಿ ಇರುತ್ತಿದ್ದುದರಿಂದ ಸುತ್ತಲಿನ ಹಳ್ಳಿಯವರು ಗಾಡಿ ಕಟ್ಟಿಕೊಂಡು ಅದನ್ನು ಓದಿಸಲು ನನ್ನ ಹತ್ತಿರ ಬರುತ್ತಿದ್ದರು. ಅದಕ್ಕೆ ನನ್ನದೇ ಒಂದು ಕ್ರಮವಿತ್ತು. ಒಳ್ಳೆಯ ಸುದ್ದಿಯಾಗಿದ್ದರೆ ಮೊದಲು "ಎಲ್ಲಾ ಚಲೋ ಅದ್ರೀ!" ಎಂದು ಒದರಿ, ಅಳು ನಿಂತ ಮೇಲೆ ಓದುತ್ತಿದ್ದೆ.

ಒಂದು ರವಿವಾರ ಭಾತಂಬ್ರಾದಿಂದ ಒಂದು ಗಾಡಿ ಬಂತು. ಹಿರಿಯ ಗೌಡರು, ಅವರ ಹೆಂಡತಿ, ಮನೆಯ ನಾಲ್ಕೈದು ಹೆಂಗಸರು. ನಾನು ಓಣಿಯ ತುದಿಯಲ್ಲಿ ಕ್ಷೌರಕ್ಕೆ ಕೂತಿದ್ದೆ. ಕಂಡು ಕೈ ಬೀಸಿದೆ. ಗೌಡರೂ ಕೈ ಬೀಸಿ, ಗಾಡಿ ನಿಲ್ಲಿಸದೆ ಸೀದಾ ಮನೆಗೆ ಹೋದರು. ಇಂಗ್ಲಿಷು ಯಾರ ಸ್ವಂತದ್ದೋ ಅವರೇ ಮನೆಯಲ್ಲಿರುವಾಗ ಕಲಿತವನ ಹತ್ತಿರ ಯಾಕೆ ಹೋಗಬೇಕು?

ಆಮೇಲೆ ಏನಾಯಿತೆಂದು ಅಜ್ಜಿ ಹೇಳಿದಳು. ಬಿಳಿ ಮಾಸ್ತರ ತಾರು ತೆಗೆದುಕೊಂಡು, ನಗುನಗುತ್ತ, ಇಂಗ್ಲಿಷಿನಲ್ಲೇ ದೊಡ್ಡ ದನಿಯಲ್ಲಿ ಓದಿದ. ಹೆಂಗಸರು ಪದ್ಧತಿಯ ಪ್ರಕಾರ ಎದೆ ಬಡಿದುಕೊಂಡರು. ಅವನಿಗೆ ಗಾಬರಿಯಾಯಿತು. ಈ ದೇಶದಲ್ಲಿ ಇಂಥ ಸುದ್ದಿಗೆ ಅಳುವ ರೂಢಿ ಇರಬೇಕು ಎಂದುಕೊಂಡು ಮರ್ಯಾದೆಗೆ ಟೊಪ್ಪಿಗೆ ತೆಗೆದು ತಲೆ ತಗ್ಗಿಸಿದ. ಸಾಹೇಬರೇ ಟೊಪ್ಪಿಗೆ ತೆಗೆದದ್ದು ಕಂಡು ಇವರ ಅಳು ಎರಡು ಪಟ್ಟಾಯಿತು. ಅಳು ಎರಡು ಪಟ್ಟಾದದ್ದು ಕಂಡು ಅವನೂ ಕಣ್ಣೊರೆಸಿಕೊಂಡ. ಗೌಡರು ಹಾಗೇ ನೆಲಕ್ಕೆ ಕುಸಿದರು.

ಗದ್ದಲ ಕೇಳಿ ನಾನು ಒಂದೇ ಕೆನ್ನೆಯ ಕ್ಷೌರ ಮುಗಿಸಿಕೊಂಡು ಓಡಿ ಬಂದೆ. ಕಾಗದ ಕಸಿದುಕೊಂಡು ಓದಿದೆ. ಹೈದರಾಬಾದಿನ ಗಿರಣಿಯಲ್ಲಿ ಕೆಲಸದಲ್ಲಿದ್ದ ಅಳಿಯ ಕಳಿಸಿದ್ದು. "ಗೌಡ್ರ, ಅಳಬ್ಯಾಡ್ರಿ! ನಿಮ್ಮ ಮಗಳಿಗಿ ಗಂಡು ಹುಟ್ಯಾದ! ಇಬ್ಬರೂ ಆರಾಮ ಇದ್ದಾರ!"

ಆಮೇಲೆ ಆದ ಸಂತೋಷ ಕೇಳಬೇಡಿ. ಸಕ್ಕರೆ ಬಂತು. ಗೌಡರು ಹಿಡಿ ತುಂಬ ಸಕ್ಕರೆಯನ್ನು ಬಿಳಿ ಮಾಸ್ತರನ ಬಾಯಿಗೆ ಹಾಕಿದರು. ಗೌಡತಿ ಅವನ ತಲೆಯ ಸುತ್ತ ಕೈ ನಿವಾಳಿಸಿ ಲಟಿಕೆ ಮುರಿದಳು. ಅರ್ಧ ಕೆನ್ನೆಯಲ್ಲಿ ಸಾಬೂನಿನ ನೊರೆ ಒಣಗಿಸಿಕೊಂಡು ನಿಂತ ನನ್ನನ್ನು ಯಾರೂ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಗೌಡ್ರ, ಸುದ್ದಿ ಹೇಳಿದಾಂವ ನಾನ್ರೀ!"

ಗೌಡರು ನನಗೆ ಸಮಾಧಾನ ಹೇಳುವವರ ಹಾಗೆ ಹೆಗಲ ಮೇಲೆ ಕೈ ಇಟ್ಟರು. "ಹೌದ್ರಿ ಮಾಸ್ತರ, ನಾ ಎಲ್ಲಿ ಇಲ್ಲಂದೆ? ಆದ್ರ ಸಾಹೇಬರು ಓದಿದಾಗೇ ಕೂಸು ಹುಟ್ಟೇ ಬಿಟ್ಟಿತ್ತಲ್ರಿ. ನೀವು ಬಂದು ಬರೇ ಹೇಳಿದ್ರಿ."

ಹಿಂದಿನಿಂದ ಮುಂದಕ್ಕೆ

ನಿಜಾಮರ ಕಾಲದಲ್ಲಿ ನಮ್ಮದು ಉರ್ದು ಶಾಲೆ. ಪೊಲೀಸ್ ಆಕ್ಷನ್ ಆದ ಮೇಲೆ ಕನ್ನಡವಾಯಿತು. ಶಾಲೆ ಒಂದು ಹುಕುಮಿನಿಂದ ಕನ್ನಡವಾಗಬಹುದು, ಮಾಸ್ತರರ ಕೈ ಹೇಗೆ ಆಗಬೇಕು? ಮನೆಯಲ್ಲಿ ಕನ್ನಡ ಮಾತಾಡಿ ಬೆಳೆದ ನಾನು ಹುಟ್ಟಿದಾಗಿನಿಂದ ಒಂದು ಸಾಲು ಕನ್ನಡ ಬರೆದವನಲ್ಲ. ಹೀಗಾಗಿ ದಿನಾ ಮುಂಜಾನೆ ಶಾಲೆ ಶುರುವಾಗುವ ಮೊದಲು ಧಾರವಾಡ ಕಡೆಯ ಒಬ್ಬ ಪಂಡಿತರು ನಮಗೇ ಅಕ್ಷರ ತಿದ್ದಿಸುತ್ತಿದ್ದರು. ಒಂದೇ ಬೆಂಚಿನ ಮೇಲೆ ಮೂವರು ಕೂರುತ್ತಿದ್ದೆವು. ನಾನು, ನಮ್ಮ ಹಿರಿಯ ಉರ್ದು ಮಾಸ್ತರರು, ನಡುವೆ ಬಿಳಿ ಮಾಸ್ತರ.

ಅವನು ಬಹಳ ಶ್ರದ್ಧೆಯ ವಿದ್ಯಾರ್ಥಿ. ಏನು ಮಾಡಬೇಕೆಂದು ತಿಳಿಯದಿದ್ದರೆ ಪಕ್ಕದಲ್ಲಿದ್ದ ನನ್ನನ್ನು ನೋಡಿ ಹಾಗೇ ಮಾಡುತ್ತಿದ್ದ. ನಾನೋ ಬಲದಿಂದ ಎಡಕ್ಕೆ ಉರ್ದು ಬರೆದೇ ಬೆಳೆದವನು. ಇಂಗ್ಲಿಷೊಂದು ಬಿಟ್ಟರೆ ನನ್ನ ಕೈಗೆ ಎಲ್ಲ ಭಾಷೆಯೂ ಬಲದಿಂದಲೇ ಶುರು. ವಹಿಯ ಕೊನೆಯ ಪುಟವೇ ನನಗೆ ಮೊದಲನೆಯದು. ಕನ್ನಡದ ವಹಿಯನ್ನೂ ಹಾಗೇ ಹಿಂದಿನಿಂದ ತೆರೆದು ಬರೆಯುತ್ತಿದ್ದೆ. ಈ ದೇಶದಲ್ಲಿ ವಹಿ ತೆರೆಯುವುದೇ ಹೀಗೆ ಎಂದುಕೊಂಡು ಅವನೂ ಹಿಂದಿನಿಂದ ತೆರೆದ.

ಬೀದರದಿಂದ ಇನ್‌ಸ್ಪೆಕ್ಟರು ಬಂದರು. ನನ್ನನ್ನು ಕರೆದು ಬೋರ್ಡಿನ ಮೇಲೆ "ಸತ್ಯವನ್ನೇ ನುಡಿಯಬೇಕು" ಎಂದು ಬರೆಯಲು ಹೇಳಿದರು. ನಾನು ಧೈರ್ಯವಾಗಿ ಹೋಗಿ, ರೂಢಿಯಂತೆ ಬೋರ್ಡಿನ ಬಲತುದಿಯಲ್ಲಿ ಶುರು ಮಾಡಿದೆ. ಎರಡನೆಯ ಅಕ್ಷರಕ್ಕೇ ಕಟ್ಟಿಗೆಯ ಚೌಕಟ್ಟು ಬಂತು. ನಡುವೆ ನಿಲ್ಲಿಸುವುದು ಸರಿಯಲ್ಲವೆಂದು ಉಳಿದದ್ದನ್ನು ಗೋಡೆಯ ಮೇಲೆ ಬರೆದೆ.

ಇನ್‌ಸ್ಪೆಕ್ಟರು ಹಣೆ ಹಣೆ ಬಡಿದುಕೊಂಡರು. ನನ್ನ ವಹಿ ತರಿಸಿ ನೋಡಿದರು. "ಇದೇನ್ರಿ, ಹಿಂದಿನ ಪುಟದಿಂದ ಬರದೀರಿ? ನಿಮಗ ಉಲ್ಟಾ ಸೀದಾ ತಿಳಿಯಂಗಿಲ್ಲೇನು?" ಹುಡುಗರ ಮುಂದೆ ನನ್ನ ಮಾನ ಮೂರಾಬಟ್ಟೆ. ಆಮೇಲೆ ಬಿಳಿ ಮಾಸ್ತರನ ವಹಿ ತೆಗೆದುಕೊಂಡರು. ಅದೂ ಹಿಂದಿನಿಂದ. ನನಗೆ ಒಳಗೊಳಗೇ ಹಿಗ್ಗು. ಬಿತ್ತು ಮಗನಿಗೆ ಎಂದುಕೊಂಡೆ.

ಇನ್‌ಸ್ಪೆಕ್ಟರು ವಹಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖದ ಮೇಲೆ ನಿಧಾನವಾಗಿ ಗೌರವ ಮೂಡಿತು. "ಇದು ನಿಮ್ಮ ಕಡೀ ಹೊಸಾ ಪದ್ಧತಿ ಇರಬೇಕಲ್ರಿ?" ಎಂದು ಕೇಳಿದರು.

ಸುಳ್ಳು ಹೇಳದ ಆ ಪುಣ್ಯಾತ್ಮ ನನ್ನ ಕಡೆ ಬೆರಳು ತೋರಿಸಿ, "ಇಲ್ರಿ, ಇವರು ಕಲಿಸ್ಯಾರ್ರಿ" ಅಂದ.

"ಆಹಾ, ಎಂಥಾ ದೊಡ್ಡ ಮನಸ್ಸು!" ಎಂದರು ಇನ್‌ಸ್ಪೆಕ್ಟರು. ತಾವು ಕಂಡುಹಿಡಿದದ್ದರ ಹೆಸರನ್ನು ಇನ್ನೊಬ್ಬರಿಗೆ ಕೊಡುವವರು ಈ ಕಾಲದಲ್ಲಿ ಸಿಗುವುದಿಲ್ಲ ಎಂದು ಹೆಡ್ ಮಾಸ್ತರರಿಗೆ ಹೇಳಿ, ಭೇಟಿಯ ಪುಸ್ತಕದಲ್ಲಿ ಅದನ್ನೇ ಬರೆದು ಹೋದರು. ನನ್ನ ಬಗ್ಗೆಯೂ ಒಂದು ಸಾಲಿತ್ತು, ಗೋಡೆಗೆ ಸುಣ್ಣ ಹಚ್ಚಿಸಬೇಕೆಂದು.

ಉರ್ದು ಮಾಸ್ತರರು ಸಂಜೆ ನನ್ನ ಮುಖ ನೋಡಿ, "ಅರೇ ಮಿಯಾಂ, ಹೊಟ್ಟ್ಯಾಗ ಭಾಳ ಉರೀಲತ್ತದೇನು?" ಎಂದು ಕೇಳಿದರು. ಹೌದೆಂದೆ. "ಮಜ್ಜಿಗಿ ಕುಡೀರಿ," ಅಂದರು. ಮನೆಗೆ ಹೋಗಿ ಅಜ್ಜಿಯನ್ನು ಮಜ್ಜಿಗೆ ಕೇಳಿದೆ.

"ಸಾಯಬ ಕುಡದಾನಪ್ಪಾ," ಅಂದಳು.

ಗಂಜಿನ ಕಾಟಾ

ಎರಡನೆಯ ವರ್ಷ ನನಗೆ ಹೆಣ್ಣು ಗೊತ್ತು ಮಾಡಲು ಸೋದರಮಾವ ಓಡಾಡತೊಡಗಿದ. ಹೊಸ ಅಂಗಿಯ ಬಟ್ಟೆ ತರಲು ಬೀದರಕ್ಕೆ ಹೋದೆ. ಬಿಳಿ ಮಾಸ್ತರನೂ ಬಂದ, ಬೇಡವೆಂದರೂ. ಅಲ್ಲಿನ ಕಾಳಿನ ಪೇಟೆಯಾದ ಗಾಂಧಿ ಗಂಜಿನಲ್ಲಿ ಅಡತಿ ಅಂಗಡಿಯ ಮುಂದೆ ತೊಗರಿಯ ಚೀಲ ತೂಗುವ ದೊಡ್ಡ ಕಾಟಾ ಕಂಡು ಅವನು ನಿಂತ. ಹಮಾಲರು ನಗುತ್ತ ಅವನನ್ನು ಎತ್ತಿ ತಕ್ಕಡಿಯಲ್ಲಿ ಕೂರಿಸಿದರು. ಇನ್ನೊಂದು ಕಡೆ ಕಲ್ಲು ಏರಿಸಿದರು. ಗಂಜಿಗೆ ಗಂಜೇ ಕೆಲಸ ಬಿಟ್ಟು ಸುತ್ತ ನೆರೆಯಿತು. ಅಡತಿಯವರು ತೂಕ ಕೂಗಿದರು, ಜನ ಹೋ ಅಂದರು, ಯಾರೋ ಚಹಾ ತಂದುಕೊಟ್ಟರು.

ಅವನು ಇಳಿದ ಮೇಲೆ ನಾನೂ ಸುಮ್ಮನೆ, ಯಾರೂ ಕರೆಯದೆ, ಹೋಗಿ ಅದೇ ತಕ್ಕಡಿಯಲ್ಲಿ ಕೂತೆ. ಹಮಾಲನೊಬ್ಬ ಬಂದು ನನ್ನ ರಟ್ಟೆ ಹಿಡಿದ.

"ಇಳೀರಿ ಇಳೀರಿ, ಮಾಲ್ ತೂಗೋದದ."

ಔರಾದದ ಹೂಂ

ಹೆಣ್ಣು ಗೊತ್ತಾದದ್ದು ಔರಾದದಲ್ಲಿ. ಕುರಿ ಸಾಕುವ, ಒಣ ಹೊಲ ಉಳುವ ಮನೆತನ. ಹುಡುಗಿ ಬಹಳ ಚೆಂದವಂತೆ, ಶಾಣ್ಯಾಳಂತೆ. ಈ ಒಂದು ಕೆಲಸಕ್ಕಾದರೂ ಬಿಳಿ ಮಾಸ್ತರ ಬೇಡವೆಂದು ನಾನು ಅಜ್ಜಿಯ ಮುಂದೆ ಕೈ ಮುಗಿದು ಹೇಳಿದೆ. ಅಜ್ಜಿ ಕೇಳಲಿಲ್ಲ. "ಅಂವ ಇದ್ರ ನಿನಗೂ ಒಂದ್ ಕಳಾ ಬರ್ತದ," ಅಂದಳು.

ಹೋದೆವು, ಮಾವ, ನಾನು, ಕಳೆ. ಔರಾದದ ಮನೆಯ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟರು. ನಾನು ಎರಡು ಸಲ ತಿಕ್ಕಿ ತಿಕ್ಕಿ ತೊಳೆದೆ. ಒಳಗೆ ಜಮಖಾನ ಹಾಸಿತ್ತು. ಲೋಡಿಗೆ ಒರಗಿಸಿ ಅವನನ್ನು ಕೂರಿಸಿದರು. ಮಾವ ಎದುರುಗಡೆ ಹಿರಿಯರ ಸಾಲಿನಲ್ಲಿ ಕೂತ. ನನಗೆ ಅವನ ಪಕ್ಕ, ಬಾಗಿಲ ಕಡೆ, ಚಪ್ಪಲಿ ಬಿಡುವ ಜಾಗ ಸಿಕ್ಕಿತು.

ಹುಡುಗಿಯ ಅಪ್ಪ ಅವನನ್ನೇ ಮಾತಿಗೆ ಎಳೆದರು. "ನಿಮ್ಮ ಕಡಿ ಕುರಿ ಅವೇನ್ರಿ?"

ಅವೆ, ತನ್ನ ಅಪ್ಪ ಕುರಿಯನ್ನೇ ಸಾಕುವುದು ಎಂದ. ಎಷ್ಟು? ನಾಲ್ಕು ನೂರು. ಯಜಮಾನರು ಲೋಡು ಬಿಟ್ಟು ಅವನ ಹತ್ತಿರಕ್ಕೇ ಸರಿದು ಬಂದರು. ಉಣ್ಣೆ ವರ್ಷಕ್ಕೆ ಎಷ್ಟು ಸಲ ಕತ್ತರಿಸುತ್ತೀರಿ, ಕಾಲುಬೇನೆಗೆ ಏನು ಹಚ್ಚುತ್ತೀರಿ, ತೋಳ ಬರುತ್ತವೆಯೇ. ಅವನಿಗೆ ಮಾತು ಸಾಲದ ಕಡೆ ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಹೆಣ್ಣು ನೋಡಲು ಹೋದವನು ಒಂದು ತಾಸು ಕುರಿಯ ರೋಗದ ದುಭಾಷಿಯಾಗಿ ಕೂತಿದ್ದೆ. ಕೊನೆಗೆ ಯಜಮಾನರು ಸುತ್ತ ನೋಡಿ, "ಅಂದಂಗ, ಹುಡುಗ ಯಾರಂದ್ರಿ?" ಎಂದು ಕೇಳಿದರು. ಮಾವ ನನ್ನನ್ನು ತೋರಿಸಿದ. "ಹಾಂ, ಹಾಂ," ಎಂದು ಮತ್ತೆ ತೋಳಕ್ಕೆ ಹೋದರು.

ಹುಡುಗಿ ಚಹಾ ತಂದಳು, ಹಿಂದೆಯೇ ಅವಳ ಕಾಕಿ, ಅಂದರೆ ಚಿಕ್ಕಮ್ಮ. ಹೆಣ್ಣು ತಲೆ ಎತ್ತಿ ಗಂಡನ್ನು ನೋಡುವ ರೂಢಿ ಆಗ ಇರಲಿಲ್ಲ. ಹಣೆಯ ತನಕ ಸೆರಗು, ನೆಲದ ಮೇಲೆ ಕಣ್ಣು. ಕಪ್ಪು ಇಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕಾಕಿ ಬಾಗಿಲಿಗೆ ಬಂದು, "ನಮ್ಮ ಹುಡುಗಿ ಹೂಂ ಅಂದಾಳ್ರಿ," ಅಂದಳು. ಎಲ್ಲರೂ ನಕ್ಕರು. ನನ್ನ ಎದೆಯಲ್ಲಿ ಮಾತ್ರ ಒಂದು ಮುಳ್ಳು ಸಿಕ್ಕಿಕೊಂಡಿತು. ಹೂಂ ಅಂದದ್ದು ಸರಿ, ಯಾರನ್ನು ನೋಡಿ?

ಲಗ್ನದ ತನಕ ನಾಲ್ಕು ತಿಂಗಳು ಆ ಮುಳ್ಳು ಅಲ್ಲೇ ಇತ್ತು. ಎಲ್ಲೋ ಸೆರಗಿನ ಸಂದಿಯಿಂದ ಅವನ ಮುಖ ಕಂಡು ಮೋಸಹೋಗಿ ಹೂಂ ಅಂದಿದ್ದರೆ? ಎಲ್ಲ ಸೋಲನ್ನೂ ನುಂಗಿದ್ದೆ. ಇದೊಂದನ್ನು ನುಂಗಲಾರೆ ಅನಿಸುತ್ತಿತ್ತು. ಲಗ್ನವಾಯಿತು. ಮೆರವಣಿಗೆಯಲ್ಲಿ ಬಿಳಿ ಮಾಸ್ತರ ಹಲಗೆಯ ಬಡಿತಕ್ಕೆ ಕುಣಿದ. ಜನ ಕುದುರೆಯ ಮೇಲಿದ್ದ ನನ್ನನ್ನು ಬಿಟ್ಟು ಅವನ ಹಿಂದೆ ಹೋಗಿ, ನಾನೂ ಕುದುರೆಯೂ ಒಂದು ಓಣಿಯಲ್ಲಿ ಇಬ್ಬರೇ ಉಳಿದೆವು. ಮುಂದಿನ ವಾರ ಅವನ ಎರಡು ವರ್ಷ ಮುಗಿಯಿತು. ಸ್ಟೇಷನ್ನಿನಲ್ಲಿ ನನ್ನನ್ನು ತಬ್ಬಿಕೊಂಡು ಅತ್ತ. ನನಗೂ ಅಳು ಬಂತು, ಅದು ಯಾಕೆ ಬಂತೆಂದು ಇವತ್ತಿಗೂ ನನಗೆ ಸಿಟ್ಟಿದೆ.

ಅವನು ಹೋದ ಮೇಲೆ ಒಂದು ಮುಂಜಾನೆ ಹೆಂಡತಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಎದುರಿಗೆ ಕೂತು ಕೇಳಿಯೇ ಬಿಟ್ಟೆ.

"ಅವತ್ತ ಹೂಂ ಅಂದಿಯಲ್ಲ, ಯಾರನ್ನ ನೋಡಿ ಅಂದಿ? ಖರೇ ಹೇಳು. ನಾ ಸಿಟ್ಟಾಗಂಗಿಲ್ಲ."

"ಯಾರನ್ನೂ ನೋಡಿಲ್ರಿ. ತಲಿ ಎತ್ತಿದ್ರ ಕಾಕಿ ಚಿವುಟ್ತಿದ್ಲು. ಬರೇ ಕಾಲು ಕಂಡ್ವು, ಕಪ್ಪು ಇಟ್ಟ ಕಡಿ ಎರಡು ಜೋಡಿ."

"ಮತ್ತ?"

"ಒಂದು ಜೋಡಿ ಕೆಂಪಗ, ನಡುನಡುವ ಬೆಳ್ಳನ ಪಟ್ಟಿ. ಯಾರೋ ಹಗ್ಗ ಬಿಗದು ಬಿಸಿಲಾಗ ನಿಂದ್ರಿಸಿದಂಗ ಇದ್ವು. ನೋಡಿ ಅಂಜಿಕಿ ಬಂತು." ಅವನ ಚಪ್ಪಲಿಯ ಪಟ್ಟಿ ಬಿಸಿಲಿಗೆ ಹಾಗೆ ಗುರುತು ಮೂಡಿಸಿತ್ತು. "ಇನ್ನೊಂದು ಜೋಡಿ ನಮ್ಮ ಕಡೀ ಕಾಲು. ಹಿಮ್ಮಡ ಒಡದಿದ್ವು, ಆದ್ರ ಭಾಳ ಚಂದಾಗಿ ತೊಳಕೊಂಡಿದ್ವು. ದೇವರೇ, ಇವೇ ಇರ್ಲಪ್ಪಾ ಅಂದೆ. ಕಾಕಿ ಕೇಳಿದ್ಲು, ಹೂಂ ಅಂದೆ."

ಎರಡು ವರ್ಷ! ಇಡೀ ಜಿಲ್ಲೆಯಲ್ಲಿ ಒಬ್ಬಳು, ಅವನೂ ನಾನೂ ಒಂದೇ ಜಮಖಾನದ ಮೇಲೆ ಕೂತಿದ್ದಾಗ, ಅವನನ್ನು ಬಿಟ್ಟು ನನ್ನನ್ನು ಆರಿಸಿದ್ದಳು. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೆ ಎದ್ದು ಶಾಲೆಗೆ ಹೋಗುತ್ತಿದ್ದೆ. ನನಗೆ ಇನ್ನೂ ಸ್ವಲ್ಪ ಹೊಗಳಿಸಿಕೊಳ್ಳುವ ಆಸೆಯಾಯಿತು.

"ಕಾಲು ನೋಡಿ ಒಪ್ಪಿದಿ. ಮತ್ತ ಮಾರಿ ಯಾವಾಗ ನೋಡಿದಿ?"

"ಲಗ್ನದಾಗ, ಅಂತರಪಟ ಸರಿಸಿದಾಗ್ರಿ."

"ಆವಾಗ ಏನ್ ಅನಸ್ತು?"

ಅವಳು ಮೊರ ಕೆಳಗಿಟ್ಟಳು. ನನ್ನ ಮುಖವನ್ನು ಒಂದು ಸಲ ಸರಿಯಾಗಿ ನೋಡಿದಳು. ಸುಳ್ಳು ಅವಳಿಗೂ ಬರುತ್ತಿರಲಿಲ್ಲ.

"ಕಾಲು ಚಲೋ ಇದ್ವು ಅನಸ್ತ್ರಿ."